ಗಾಜು ಕಲಿಸಿದ ತಾಳ್ಮೆ

ಎಂ.ಎಸ್ಸಿ ಪ್ರಾಜೆಕ್ಟಿಗೆಂದು ನಾನು ಕರಗಿಸಿ ಎರಕ ಹೊಯ್ದ ಮೊದಲ ಗಾಜು ತಿಳಿ ನೇರಳೆ ಬಣ್ಣದ್ದು. ನಿಯೋಡಿಮಿಯಂ ಬೆರೆಸಿದ ಫಾಸ್ಫೇಟ್ ಗಾಜು. ಅಮೆರಿಕದ ಲಿವರ್‌ಮೋರ್‌ನಲ್ಲಿ 192 ಲೇಸರ್ ಕಿರಣಗಳಿಗೆ ಬಲ ತುಂಬುವುದು ಇಂಥ ಗಾಜಿನ ಮೂರು ಸಾವಿರಕ್ಕೂ ಹೆಚ್ಚು ಫಲಕಗಳು. 2022ರಲ್ಲಿ ಅಲ್ಲಿನ ಸಮ್ಮಿಳನ ಪ್ರಯೋಗ ಗೆದ್ದ ಸುದ್ದಿ ಓದಿಯೇ ನಾನು ಈ ವಿಷಯ ಆರಿಸಿಕೊಂಡಿದ್ದೆ.

ಅವಸರದಲ್ಲಿ ಅನೀಲಿಂಗ್ ಮಾಡದೆ ಗಾಜನ್ನು ಹೊರಗಿಟ್ಟೆ. ಟಿಕ್ ಎಂದು ಎರಡು ಹೋಳಾಯಿತು. ವರದಿ ಸಲ್ಲಿಸಲು ಹತ್ತೇ ದಿನ; ಕಣ್ಣು ತುಂಬಿತು. ಮೇಡಂ ಬೈಯಲಿಲ್ಲ. "ಹೊರಮೈ ಬೇಗ ತಣಿಯುತ್ತೆ, ಒಳಗೆ ಇನ್ನೂ ಬಿಸಿ ಇರುತ್ತೆ. ಆ ಎಳೆದಾಟಕ್ಕೆ ಸೀಳುತ್ತಮ್ಮ" ಎಂದರು. ಮೂಸೆಯಿಂದ ಸೇರಿದ ಪ್ಲಾಟಿನಂ ಕಣವೊಂದು ಒಳಗಿದ್ದರೂ ಸಾಕಂತೆ, ಪ್ರಬಲ ಲೇಸರ್ ಹಾಯ್ದಾಗ ಅಲ್ಲಿಂದಲೇ ಬಿರುಕು.

ಎರಡನೇ ಗಾಜನ್ನು ಫರ್ನೇಸಿನಲ್ಲೇ ರಾತ್ರಿಯಿಡೀ ನಿಧಾನವಾಗಿ ತಣಿಯಲು ಬಿಟ್ಟೆ. ಉಳಿಯಿತು. ಒಡೆದ ಹೋಳುಗಳನ್ನೂ ನಾನು ಎಸೆದಿಲ್ಲ.