ಹನ್ನೊಂದು ತಿಂಗಳ ಅಗ್ರಿಮೆಂಟು, ಹತ್ತು ತಿಂಗಳ ಅಡ್ವಾನ್ಸು

ಬೆಂಗಳೂರಿನಲ್ಲಿ ‘ಲೀಸ್‌ಗಿದೆ’ ಎಂಬ ಬೋರ್ಡು ಕಂಡರೆ ಹೆಚ್ಚಿನವರ ಮನಸ್ಸಿಗೆ ಬರುವುದು ಭೋಗ್ಯ: ಇಡುಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಗಂಟು ವಾಪಸ್ ಪಡೆಯುವುದು. ಕಚೇರಿಗಳ ಲೋಕದಲ್ಲಿ ಗಂಟನ್ನೂ ಕೊಡಬೇಕು, ಬಾಡಿಗೆಯನ್ನೂ ಕಟ್ಟಬೇಕು. ನಾಲ್ಕು ಜನರಿಂದ ಹದಿನೈದು ಜನಕ್ಕೆ ಬೆಳೆದ ಸಂಸ್ಥೆ ಇಂದಿರಾನಗರದಲ್ಲೋ ಹಲಸೂರಿನಲ್ಲೋ ಜಾಗ ಹುಡುಕಲು ಹೊರಟಾಗ ಬ್ರೋಕರನ್ನು ಮೊದಲು ಕೇಳುವುದು ‘ಚದರಡಿಗೆ ಎಷ್ಟು?’ ಎಂದು. ಅದಕ್ಕೂ ಮುಂಚೆ ಕೇಳಬೇಕಾದದ್ದು, ಯಾರು ಯಾರನ್ನು ಎಷ್ಟು ದಿನದ ನೋಟಿಸಿನಲ್ಲಿ ಕೈಬಿಡಬಹುದು ಎಂಬುದು.

ಊರಿನ ಸಿದ್ಧ ಉತ್ತರ ಹನ್ನೊಂದು ತಿಂಗಳ ಅಗ್ರಿಮೆಂಟು. 1908ರ ನೋಂದಣಿ ಕಾಯ್ದೆ ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ ಮಾಡಿದೆ. ಆ ಖರ್ಚು, ಓಡಾಟ ತಪ್ಪಿಸಲು ಹುಟ್ಟಿದ್ದು ಈ ಹನ್ನೊಂದು. ಅವಧಿ ಮುಗಿದ ಮೇಲೆ ಸುಮ್ಮನೆ ಬಾಡಿಗೆ ಕಟ್ಟುತ್ತ ಹೋದರೆ ಅದು ಸಾಮಾನ್ಯವಾಗಿ ತಿಂಗಳ ಬಾಡಿಗೆಯಾಗಿ ಉಳಿಯುತ್ತದೆ. ಬೇರೇನೂ ಬರೆದುಕೊಂಡಿರದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಹದಿನೈದು ದಿನದ ನೋಟಿಸು ಸಾಕು. ಛಾಪಾ ಕಾಗದದ ಮೇಲೆ ಮೂರು ವರ್ಷವೆಂದು ಬರೆದು ನೋಂದಾಯಿಸದೆ ಬಿಟ್ಟರೂ ಹೆಚ್ಚೂಕಡಿಮೆ ಇದೇ ಗತಿ. ಬಾಡಿಗೆ ಕಾಯ್ದೆ ಕಾಪಾಡೀತು ಎಂಬ ನಂಬಿಕೆಯೂ ಬೇಡ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರ್ ಮೀರಿದ ವಾಣಿಜ್ಯ ಜಾಗಗಳನ್ನು ಹೊರಗಿಟ್ಟಿದೆ. ಶಿವಾಜಿನಗರದ ಪುಟ್ಟ ಮಳಿಗೆಗೆ ಅದರ ನೆರಳು ಸಿಕ್ಕರೂ ಸಿಕ್ಕೀತು, ಹದಿನೈದು ಮೇಜಿನ ಕಚೇರಿಗಿಲ್ಲ.

ಈ ಅಭದ್ರತೆಯ ನಿಜವಾದ ಬೆಲೆ ಗೊತ್ತಾಗುವುದು ಒಳಗೆ ಕಾಲಿಟ್ಟಾಗ. ಕಚೇರಿಯಾಗಿ ಬದಲಾದ ಹಳೆ ಮನೆಯ ಮಹಡಿಯನ್ನೇ ನೋಡಿ: ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಕಾಫಿ ಯಂತ್ರ, ವಾರ್ಡ್‌ರೋಬಿನೊಳಗೆ ಇಂಟರ್‌ನೆಟ್ಟಿನ ಡಬ್ಬಿಗಳು, ಹಾಲಿಗೆ ಅಡ್ಡಲಾಗಿ ಗಾಜಿನ ಪಾರ್ಟಿಷನ್. ಕುರ್ಚಿ ಮೇಜುಗಳನ್ನು ಟೆಂಪೊದಲ್ಲಿ ಹೇರಿಕೊಂಡು ಹೋಗಬಹುದು, ಗೋಡೆಯೊಳಗಿನ ವೈರಿಂಗನ್ನಲ್ಲ. ಅದನ್ನು ಬಲ್ಲ ಮಾಲೀಕರು ಹನ್ನೆರಡನೇ ತಿಂಗಳಲ್ಲಿ ಬಾಡಿಗೆ ಏರಿಸಿದರೆ ಚೌಕಾಸಿಗೆ ಬಲವೆಲ್ಲಿ? ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವುದರಿಂದ ಬಿಡಿಸುವುದು ಸುಲಭವಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಹತ್ತು ತಿಂಗಳ ಅಡ್ವಾನ್ಸು ಇರುವುದು ಯಾರ ಕೈಯಲ್ಲಿ? ತಿಂಗಳಿಗೆ ಲಕ್ಷ ಬಾಡಿಗೆಯೆಂದರೆ ಹತ್ತು ಲಕ್ಷ. ವರ್ಷಕ್ಕೆ ಶೇ 12ರ ಸಾಲ ತಂದು ಕೊಟ್ಟಿದ್ದರೆ ಬಡ್ಡಿಯೇ ತಿಂಗಳಿಗೆ ಹತ್ತು ಸಾವಿರ, ಅಂದರೆ ಅಸಲಿ ಬಾಡಿಗೆ ಒಂದು ಲಕ್ಷದ ಹತ್ತು ಸಾವಿರ. ಈ ಲೆಕ್ಕ ಯಾವ ಬ್ರೋಕರನ ಚೀಟಿಯಲ್ಲೂ ಇರುವುದಿಲ್ಲ ಬಿಡಿ.

ಹಾಗಾಗಿ ಮೂರು ವರ್ಷಕ್ಕೆ ನೋಂದಾಯಿಸಿದ ಗುತ್ತಿಗೆ ಮೇಲು: ಮಾಲೀಕರು ಪೂರ್ತಿ ಅವಧಿಗೆ ಬದ್ಧರು, ಬಾಡಿಗೆದಾರರ ಲಾಕ್-ಇನ್, ಅಂದರೆ ಬಿಟ್ಟು ಹೋಗಲಾಗದ ಅವಧಿ, ಮಾತ್ರ ಒಂದು ವರ್ಷ. ‘ನಾಳೆ ಬೆಳೆಯುತ್ತೇವೋ ಮುಚ್ಚುತ್ತೇವೋ, ಮೂರು ವರ್ಷದ ಮಾತೇಕೆ, ಕೋವರ್ಕಿಂಗ್ ಇದೆಯಲ್ಲ’ ಎಂಬ ಆಕ್ಷೇಪ ಹುಸಿಯಲ್ಲ. ಆರೇಳು ಜನರಿಗೆ ಅದೇ ಸರಿ, ವೈರಿಂಗಿಗೆ ದುಡ್ಡು ಸುರಿಯಬೇಕಿಲ್ಲ. ಆದರೆ ತಲೆಗಿಷ್ಟು ಎಂಬ ದರದಲ್ಲಿ ಜನ ಹೆಚ್ಚಿದಷ್ಟೂ ಬಿಲ್ಲೂ ಬೆಳೆಯುತ್ತದೆ. ಇಂಥ ಏಕಪಕ್ಷೀಯ ಲಾಕ್-ಇನ್‌ಗೆ ಯಾವ ಮಾಲೀಕ ಒಪ್ಪುತ್ತಾನೆ ಎಂಬುದು ಗಟ್ಟಿ ಪ್ರಶ್ನೆ. ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಕಷ್ಟವೇ. ಆದರೆ 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ಮೆಟ್ರೊ ಕೊಂಡಿ ಕೂಡಿದ ಮೇಲೆ ಹಲಸೂರಿನಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು. ಹಲಸೂರಿನ ಸಿಬ್ಬಂದಿಯನ್ನು ಉಳಿಸಿಕೊಂಡೇ ಕೆ.ಆರ್. ಪುರದಲ್ಲಿ ಜಾಗ ನೋಡಬಹುದಾದವರಿಗೆ ಚೌಕಾಸಿಗೆ ಅಷ್ಟರಮಟ್ಟಿಗೆ ಬಲ. ಅದನ್ನು ಬಾಡಿಗೆ ಇಳಿಸಲು ಖರ್ಚು ಮಾಡುವುದಕ್ಕಿಂತ ಎರಡು ಸಾಲು ಬರೆಸಿಕೊಳ್ಳಲು ಬಳಸುವುದು ಜಾಣತನ: ಪೇಂಟಿಂಗಿಗೆಂದು ಹಿಡಿಯುವ ಮೊತ್ತ ಇಷ್ಟೇ ಎಂದೊಂದು, ಕೀಲಿ ಕೊಟ್ಟ ದಿನವೇ ಉಳಿದ ಅಡ್ವಾನ್ಸು ಕೈಗೆ ಬರಬೇಕು ಎಂದಿನ್ನೊಂದು.