ಬಾಡಿಗೆಗೆ ಕೊಡಲು ಲೈಸೆನ್ಸ್ ಬೇಡವೇ?

ನ್ಯೂಜಿಲೆಂಡಿನ ಹ್ಯಾಮಿಲ್ಟನ್ ನಗರದ ಉತ್ತರ ಭಾಗದಲ್ಲಿರುವ ಬಡಾವಣೆ ರೊಟೊಟೂನ. ಇಲ್ಲಿ ಮನೆ ಮಾರಿಸಿಕೊಡುವ ಏಜೆಂಟರಿಗೆ 2008ರ ಕಾಯ್ದೆಯಂತೆ ಲೈಸೆನ್ಸ್ ಕಡ್ಡಾಯ. ಅದೇ ಮನೆಯನ್ನು ಬಾಡಿಗೆಗೆ ಕೊಡುವ ಮಾಲೀಕರಿಗೆ ಬೇಡ, ಅವರ ಪರವಾಗಿ ಮನೆ ನೋಡಿಕೊಳ್ಳುವ ಮ್ಯಾನೇಜರಿಗೂ ಬೇಡ.

ಹಾಗೆಂದು ನಿಯಮಗಳೇ ಇಲ್ಲವೆಂದಲ್ಲ. 1986ರ ಬಾಡಿಗೆ ಕಾಯ್ದೆ ಗಟ್ಟಿಯಾಗಿಯೇ ಇದೆ. ಸಾಮಾನ್ಯವಾಗಿ ಅಡ್ವಾನ್ಸ್ ನಾಲ್ಕು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಆ ಹಣವನ್ನೂ ಮಾಲೀಕರು ಇಟ್ಟುಕೊಳ್ಳುವಂತಿಲ್ಲ. 23 ಕೆಲಸದ ದಿನಗಳೊಳಗೆ ಸರ್ಕಾರದ ಟೆನೆನ್ಸಿ ಸರ್ವಿಸಸ್‌ಗೆ ಕಟ್ಟಬೇಕು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಮನೆ ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮುರಿಸಿಕೊಂಡು ಬಂದ ಬೆಂಗಳೂರಿನವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

2019ರಲ್ಲಿ ಬಂದ 'ಹೆಲ್ದಿ ಹೋಮ್ಸ್' ಮಾನದಂಡಗಳು 2025ರ ಜುಲೈ 1ರಿಂದ ಎಲ್ಲ ಖಾಸಗಿ ಬಾಡಿಗೆ ಮನೆಗಳಿಗೂ ಅನ್ವಯ. ಹಾಲ್‌ನಲ್ಲಿ ಭದ್ರವಾಗಿ ಕೂರಿಸಿದ ಹೀಟರ್ ಕೊರೆಯುವ ಚಳಿಯಲ್ಲೂ ಕೋಣೆಯನ್ನು 18 ಡಿಗ್ರಿಗೆ ತರುವಂತಿರಬೇಕು. ಅಡುಗೆಮನೆ, ಬಚ್ಚಲುಮನೆಯ ಫ್ಯಾನ್ ಹಬೆಯನ್ನು ಮನೆಯ ಹೊರಕ್ಕೇ ತಳ್ಳಬೇಕು, ಸೂರಿನ ಸಂದಿಗಲ್ಲ. ದಿನಾ ಕುಕ್ಕರ್ ಕೂಗುವ, ಸಾರು ಕುದಿಯುವ ಮನೆಗೆ ಇದು ಸಣ್ಣ ವಿಷಯವಲ್ಲ. ಹೊರಹೋಗದ ಹಬೆ ಚಳಿಗಾಲದಲ್ಲಿ ತಣ್ಣನೆಯ ಕಿಟಕಿ ಗಾಜಿನ ಮೇಲೆ ನೀರಾಗಿ ಇಳಿಯುತ್ತದೆ, ಬೀರುವಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮಕ್ಕಳ ಕೆಮ್ಮು ಬಿಡುವುದಿಲ್ಲ.

ಇದನ್ನೆಲ್ಲ ನೋಡುವವರು ಯಾರು? ಮನೆ ಮಾನದಂಡಕ್ಕೆ ತಕ್ಕಂತಿದೆ ಎಂದು ಬರೆದು ಸಹಿ ಹಾಕುವವರು ಮಾಲೀಕರೇ. ಬಾಡಿಗೆಗೆ ಕೊಡುವ ಮುನ್ನ ಸರ್ಕಾರದ ಯಾರೂ ಬಂದು ಪರೀಕ್ಷಿಸುವುದಿಲ್ಲ. ತಪ್ಪಿದ್ದರೆ ಟೆನೆನ್ಸಿ ಟ್ರಿಬ್ಯುನಲ್ 7,200 ಡಾಲರ್‌ವರೆಗೆ ದಂಡ ಹಾಕಬಹುದು, ನಿಜ. ಆದರೆ ಸಾಮಾನ್ಯವಾಗಿ ಅಲ್ಲಿಗೆ ದೂರು ಒಯ್ಯಬೇಕಾದವರು ಬಾಡಿಗೆದಾರರೇ. ದೂರಿದ ಸೇಡಿಗೆ ಮನೆ ಬಿಡಿಸುವುದು ಕಾನೂನುಬಾಹಿರ. ಆದರೆ ಇಷ್ಟೇ ಅವಧಿಗೆಂದು ಗೊತ್ತುಮಾಡದ ಬಾಡಿಗೆಯಾದರೆ, 2025ರ ಜನವರಿ 30ರಿಂದ, ಕಾರಣ ಹೇಳದೆಯೇ 90 ದಿನಗಳ ನೋಟಿಸ್ ಕೊಡಬಹುದು. ಸೇಡೆಂದು ಸಾಬೀತು ಮಾಡುವುದು ಹೇಗೆ? ವೀಸಾದ ಮೇಲಿರುವ, ಮಗುವನ್ನು ಪಕ್ಕದ ಶಾಲೆಗೆ ಸೇರಿಸಿದ ಕುಟುಂಬ ಬೂಷ್ಟನ್ನು ಒರೆಸಿಕೊಂಡು ಸುಮ್ಮನಾಗುತ್ತದೆ. ಹಕ್ಕು ಕೊಟ್ಟು, ಅದನ್ನು ಕೇಳುವ ಅಪಾಯವನ್ನೂ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ.

ಬೇರೆ ದಾರಿ ಇದೆ. ಸ್ಕಾಟ್ಲೆಂಡಿನಲ್ಲಿ 2006ರಿಂದ ಮಾಲೀಕರ ನೋಂದಣಿ ಕಡ್ಡಾಯ. ವೇಲ್ಸ್ ಇನ್ನೂ ಮುಂದೆ ಹೋಗಿದೆ: ಮನೆಯ ಬಾಡಿಗೆ ವ್ಯವಹಾರವನ್ನು ತಾವೇ ನೋಡಿಕೊಳ್ಳುವ ಮಾಲೀಕರು ತರಬೇತಿ ಪಡೆದು ಐದು ವರ್ಷದ ಲೈಸೆನ್ಸ್ ಪಡೆಯಬೇಕು, ಇಲ್ಲವೇ ಲೈಸೆನ್ಸ್ ಇರುವ ಏಜೆಂಟರಿಗೆ ಒಪ್ಪಿಸಬೇಕು. ನ್ಯೂಜಿಲೆಂಡಿನಲ್ಲೂ ಮ್ಯಾನೇಜರುಗಳಿಗಾದರೂ ಲೈಸೆನ್ಸ್ ತರುವ ಮಸೂದೆ 2023ರಲ್ಲಿ ಸಂಸತ್ತಿಗೆ ಬಂದಿತ್ತು. ಸರ್ಕಾರ ಬದಲಾಯಿತು, 2024ರಲ್ಲಿ ಅದನ್ನು ಕೈಬಿಟ್ಟರು.

ಲೈಸೆನ್ಸ್ ಶುಲ್ಕ ಕೊನೆಗೆ ಬಾಡಿಗೆದಾರರ ಮೇಲೇ ಬೀಳುತ್ತದೆ ಎಂಬ ವಾದವನ್ನು ತಳ್ಳಿಹಾಕಲಾರೆ. ಆದರೆ ಈಗಲೂ ಅವರು ಡಾಕ್ಟರ್ ಫೀಸಿನಲ್ಲಿ, ಕರೆಂಟ್ ಬಿಲ್ಲಿನಲ್ಲಿ ದುಡ್ಡು ತೆರುತ್ತಲೇ ಇದ್ದಾರೆ. ಮಸೂದೆ ಮತ್ತೆ ಬರಬೇಕು, ಈ ಸಲ ಮಾಲೀಕರನ್ನೂ ಒಳಗೊಂಡು. ಅಲ್ಲಿಯವರೆಗೆ ರೊಟೊಟೂನಕ್ಕೆ ಹೊಸದಾಗಿ ಬರುವವರು ಸಹಿ ಹಾಕುವ ಮುನ್ನ ಹೆಲ್ದಿ ಹೋಮ್ಸ್ ಹೇಳಿಕೆ ಕೇಳಿ ಓದಿ, ಅದರಲ್ಲಿ ಬರೆದ ಹೀಟರನ್ನೂ ಫ್ಯಾನುಗಳನ್ನೂ ತಾವೇ ಹಾಕಿ ನೋಡಬೇಕು.