ರಬ್ಬರ್‌ಗೆ ಹಸಿವಿಲ್ಲ, ನೀರಿಗೆ ದಾರಿ ಬೇಕು

ಮುಂಗಾರು ಹಿಡಿದು ನಾಲ್ಕು ದಿನ ಕಳೆಯುವುದರೊಳಗೆ ಹಳೆಯ ಕಾರಿಟ್ಟುಕೊಂಡವರ ದೂರು ಶುರುವಾಗುತ್ತದೆ. ಮ್ಯಾಟ್ ಎತ್ತಿದರೆ ಕೆಳಗೆ ಒದ್ದೆ, ಒಳಗೆಲ್ಲ ಮುಗ್ಗಲು ವಾಸನೆ, ಬೆಳಿಗ್ಗೆ ಗಾಜಿನ ಒಳಮೈಗೆ ಮಂಜು. ಗ್ಯಾರೇಜಿಗೆ ಒಯ್ದರೆ ಸಿಗುವ ಉತ್ತರವೂ ಗೊತ್ತಿರುವುದೇ: ‘ಬೀಡಿಂಗ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು.’ ಈ ಉತ್ತರ ಅರ್ಧ ನಿಜ. ಉಳಿದರ್ಧವನ್ನು ತಿಳಿದವರು ಕಡಿಮೆ. ಏಕೆಂದರೆ ಈ ಕೆಲಸಕ್ಕೆ ನಮ್ಮ ಗ್ಯಾರೇಜುಗಳಲ್ಲಿ ಸ್ವಂತದ ವಾರಸುದಾರರೇ ಇಲ್ಲ. ಎಂಜಿನ್ ಮೆಕ್ಯಾನಿಕ್‌ನದು, ತಗಡು ಟಿಂಕರ್‌ನದು, ಬಣ್ಣ ಪೇಂಟರ್‌ನದು, ಸೀಟು ಕುಶನ್ ಕೆಲಸದವರದು. ಬಾಗಿಲ ಸುತ್ತ, ಗಾಜಿನ ಸುತ್ತ, ಡಿಕ್ಕಿಯ ಬಾಯಿಗೆ ಸುತ್ತಿಕೊಂಡಿರುವ ಕಪ್ಪು ರಬ್ಬರ್ ಪಟ್ಟಿಯನ್ನು ಮಾತ್ರ ಕೊನೆಗೆ ಕೈ ಖಾಲಿ ಇದ್ದವರು ಯಾರಾದರೂ ಅಂಟಿಸಿ ಕಳಿಸುತ್ತಾರೆ.

ಆದರೆ ಅಂಬಾಸಿಡರ್, ಫಿಯೆಟ್, ಮೊದಲ ಕಾಲದ ಮಾರುತಿ 800ಗಳನ್ನು ಇಂದಿಗೂ ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡವರನ್ನು ಕೇಳಿ ನೋಡಿ. ಎಂಜಿನ್ ಬಿಚ್ಚಿ ಕಟ್ಟುವುದು ಸುಲಭ, ಅದರ ಬಿಡಿಭಾಗ ಹೇಗೋ ಸಿಗುತ್ತದೆ ಎನ್ನುತ್ತಾರೆ. ಕಾರನ್ನು ಕೊಲ್ಲುವುದು ತುಕ್ಕು. ತುಕ್ಕು ಬರುವುದು ನಿಂತ ನೀರಿನಿಂದ. ನೀರು ನಿಲ್ಲುವುದು ಹೆಚ್ಚಾಗಿ ಈ ಪಟ್ಟಿಯ ಹಿಂದೆ.

ರಬ್ಬರ್ ಹಾಳಾಗುವ ಬಗೆಯನ್ನು ತಿಳಿದರೆ ಅದನ್ನು ನೋಡಿಕೊಳ್ಳುವ ಬಗೆಯೂ ತಿಳಿಯುತ್ತದೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯವರಿಗೆ ಮರದಿಂದ ಇಳಿಯುವ ಬಿಳಿ ಹಾಲು ಗೊತ್ತು. ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲೆಂದು ಸರ್ಕಾರ ಸುಳ್ಯ, ಪುತ್ತೂರು ಭಾಗದಲ್ಲಿ ರಬ್ಬರ್ ತೋಟಗಳನ್ನು ಎಬ್ಬಿಸಿದ್ದು ಆ ಸೀಮೆಯ ಚರಿತ್ರೆಯ ಒಂದು ಅಧ್ಯಾಯವೇ. ಆ ಹಾಲು ಹೆಪ್ಪುಗಟ್ಟಿದ ಮಾತ್ರಕ್ಕೆ ಕಾರಿನ ಬಾಗಿಲಿಗೆ ಬರುವುದಿಲ್ಲ. ಬಿಸಿಲಿಗೆ ಜಿಗುಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಗಂಧಕ ಸೇರಿಸಿ ಕಾಯಿಸಿದರೆ ಅದರ ಉದ್ದನೆಯ ಅಣುಸರಪಳಿಗಳ ನಡುವೆ ಅಡ್ಡ ಕೊಂಡಿಗಳು ಬೀಳುತ್ತವೆ, ಒತ್ತಿದರೆ ಮತ್ತೆ ಮೊದಲಿನ ಆಕಾರಕ್ಕೆ ಮರಳುವ ಗುಣ ಬರುತ್ತದೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಇದನ್ನೇ. ಪಟ್ಟಿ ಕಪ್ಪಗಿರುವುದಕ್ಕೂ ಕಾರಣವಿದೆ. ಅದರಲ್ಲಿ ಬೆರೆಸಿದ ಕಾರ್ಬನ್ ಬ್ಲ್ಯಾಕ್ ಗಟ್ಟಿತನ ಕೊಡುವುದರ ಜೊತೆಗೆ ಬಿಸಿಲಿನ ನೇರಳಾತೀತ ಕಿರಣವನ್ನು ತಾನೇ ಹೀರಿಕೊಂಡು ಒಳಗಿನ ರಬ್ಬರ್ ಉಳಿಸುತ್ತದೆ.

ಬಿಸಿಲಿಗಿಂತ ಹಟಮಾರಿ ಶತ್ರು ಓಝೋನ್. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಈ ಅನಿಲ ನೆಲದ ಮೇಲೆ, ವಾಹನಗಳ ಹೊಗೆ ಬಿಸಿಲಿನಲ್ಲಿ ಬೇಯುವಾಗ ಹುಟ್ಟುತ್ತದೆ. ಗಾಳಿಯ ಹತ್ತು ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ಹಳೆಯ ಮಾದರಿಯ ರಬ್ಬರ್ ಬಿರಿಯಲು ಸಾಕು. ಆದರೆ ಎಳೆತದಲ್ಲಿ ಇಲ್ಲದ ರಬ್ಬರ್ ಓಝೋನ್‌ಗೆ ಹೀಗೆ ಬಿರಿಯುವುದಿಲ್ಲ. ಬಿರುಕು ಬೀಳುವುದು ಎಳೆದು ಬಗ್ಗಿಸಿದ ಕಡೆ, ಎಳೆತಕ್ಕೆ ಅಡ್ಡಲಾಗಿ. ಹಳೆಯ ಕಾರಿನ ಬಾಗಿಲ ಮೇಲ್ಮೂಲೆಯನ್ನೇ ಮೊದಲು ನೋಡಿ ಎಂದು ಅನುಭವಿಗಳು ಹೇಳುವುದು ಅದಕ್ಕೆ. ಪಟ್ಟಿ ಹಾಕಿದವರು ಅವಸರದಲ್ಲಿ ಎಳೆದು ಅಂಟಿಸಿದ್ದರೆ ಆ ಮೂಲೆ ಬೇಗ ಸೀಳುತ್ತದೆ.

1960ರ ದಶಕದಲ್ಲಿ ಇಪಿಡಿಎಂ ಎಂಬ ಕೃತಕ ರಬ್ಬರ್ ಬಂದ ಮೇಲೆ ಕಥೆ ಬದಲಾಯಿತು. ಓಝೋನ್ ಕಚ್ಚುವ ಕೊಂಡಿಗಳು ಅದರ ಬೆನ್ನೆಲುಬಿನಲ್ಲಿಲ್ಲ. ಇಂದು ಬರುವ ಬೀಡಿಂಗ್‌ಗಳು ಹೆಚ್ಚಾಗಿ ಇದರವೇ. ಆದರೆ ಇದಕ್ಕೂ ಒಂದು ದೌರ್ಬಲ್ಯವಿದೆ, ಪೆಟ್ರೋಲಿಯಂ ಎಣ್ಣೆ ಕುಡಿದರೆ ಉಬ್ಬಿ ಸಡಿಲಾಗುತ್ತದೆ. ನೈಸರ್ಗಿಕ ರಬ್ಬರ್‌ದೂ ಅದೇ ಹಣೆಬರಹ.

ನಮ್ಮ ಗ್ಯಾರೇಜುಗಳಲ್ಲಿ ಆಗುತ್ತಿರುವ ಅನ್ಯಾಯ ಇದೇ. ಬಾಗಿಲ ಪಟ್ಟಿ ಕೊಳೆಯಾಗಿದೆಯೇ? ಸೀಮೆಎಣ್ಣೆಯಲ್ಲಿ ಅದ್ದಿದ ವೇಸ್ಟ್ ಬಟ್ಟೆ. ಒಣಗಿದಂತಿದೆಯೇ? ಎಂಜಿನ್ ಆಯಿಲ್. ಕಿರುಗುಡುತ್ತಿದೆಯೇ? ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ. ಅಂದು ಸಂಜೆ ಪಟ್ಟಿ ಹೊಸದರಂತೆ ಹೊಳೆಯುತ್ತದೆ, ಮೆತ್ತಗೂ ಆಗಿರುತ್ತದೆ. ಆ ಮೆದುವು ಆರೋಗ್ಯವಲ್ಲ, ಬಾವು. ಇನ್ನು ಕೆಲವರು ಬ್ರೇಕ್ ಆಯಿಲ್ ಸವರಿದರೆ ಗಟ್ಟಿಯಾದ ರಬ್ಬರ್‌ಗೆ ಜೀವ ಬರುತ್ತದೆ ಎನ್ನುತ್ತಾರೆ. ರಬ್ಬರ್‌ನದು ಹಾಗಿರಲಿ, ಅದು ಸುರಿದ ಕಡೆ ಬಣ್ಣ ಏಳುವುದಂತೂ ಖಚಿತ. ಮನೆಯಲ್ಲಿರುವ ಕೊಬ್ಬರಿ ಎಣ್ಣೆ, ಹರಳೆಣ್ಣೆ ಇಷ್ಟು ಕೇಡಿನವಲ್ಲ. ಮೊದಲ ಕಾಲದ ಬ್ರೇಕ್ ದ್ರವಗಳಲ್ಲಿ ಹರಳೆಣ್ಣೆಯೇ ಇತ್ತು, ಅದು ನೈಸರ್ಗಿಕ ರಬ್ಬರನ್ನು ಕೆಡಿಸುವುದಿಲ್ಲ ಎಂಬ ಕಾರಣಕ್ಕೆ. ಆದರೆ ಬಾಗಿಲಿಗೆ ಹಚ್ಚಿದ ಇಂಥ ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ.

ಅಂಗಡಿಯ ಶೀಶೆಗಳ ಮೇಲೆ ರಬ್ಬರ್‌ಗೆ ‘ಪೋಷಣೆ’ ಎಂದು ಬರೆದಿರುತ್ತದೆ. ನನಗೆ ಆ ಮಾತಿನ ಮೇಲೆ ನಂಬಿಕೆಯಿಲ್ಲ. ರಬ್ಬರ್ ಒಣಗುವುದು ಹಸಿವಿನಿಂದಲ್ಲ, ಅದರೊಳಗಿನ ಕೊಂಡಿಗಳು ಬದಲಾಗುವುದರಿಂದ. ಒಮ್ಮೆ ಕಲ್ಲಾದ ಪಟ್ಟಿಯನ್ನು ಯಾವ ಲೇಪವೂ ಮೊದಲಿನಂತೆ ಮಾಡದು. ಲೇಪ ಮಾಡಬಲ್ಲದ್ದು ಇಷ್ಟೆ: ಕೊಳೆ ತೆಗೆದ ಮೇಲ್ಮೈಯನ್ನು ಜಾರುವಂತೆ ಇಡುವುದು, ಬಾಗಿಲು ತೆರೆಯುವಾಗ ಪಟ್ಟಿ ಬಣ್ಣಕ್ಕೆ ಅಂಟಿ ಹರಿಯದಂತೆ ನೋಡುವುದು, ಗಾಳಿಗೂ ರಬ್ಬರಿಗೂ ನಡುವೆ ತೆಳ್ಳಗೆ ಒಂದು ಪೊರೆ ಹಾಸುವುದು. ಅಷ್ಟೇ ಆದರೂ ಪಟ್ಟಿಯ ಆಯುಷ್ಯ ಬೆಳೆಯುತ್ತದೆ, ಅದು ಆರೋಗ್ಯದಲ್ಲಿರುವಾಗಲೇ ಈ ಕೆಲಸ ಶುರು ಮಾಡಿದರೆ.

ಕ್ರಮ ಸರಳ. ಮೃದು ಸೋಪಿನ ನೀರು, ಮೆತ್ತನೆ ಬಟ್ಟೆ, ಮೂಲೆಗೆ ಹಳೆಯ ಟೂತ್‌ಬ್ರಷ್. ಪಟ್ಟಿಯ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ಅದರೊಳಗಿನ ಮರಳು, ಎಲೆಯ ಚೂರು ತೆಗೆಯಬೇಕು. ತಗಡನ್ನು ಉಜ್ಜಿ ತಿನ್ನುವುದು ಆ ಮರಳೇ. ಚೆನ್ನಾಗಿ ಒಣಗಿದ ಮೇಲೆ ಸಿಲಿಕೋನ್ ಗ್ರೀಸ್ ಬೆರಳ ತುದಿಯಲ್ಲಿ ತೆಗೆದು ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಹೆಚ್ಚಿದ್ದನ್ನು ಒರೆಸಿಬಿಡಬೇಕು. ಅದು ಸಿಗದ ಊರಿನಲ್ಲಿ ಔಷಧಿ ಅಂಗಡಿಯ ಗ್ಲಿಸರಿನ್ ನಡೆಯುತ್ತದೆ, ಮಳೆಗೆ ತೊಳೆದುಹೋಗುವುದರಿಂದ ಆಗಾಗ ಹಚ್ಚಬೇಕು ಅಷ್ಟೆ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮಾಡಿದರೆ ಸಾಮಾನ್ಯ ಬಳಕೆಯ ಕಾರಿಗೆ ಸಾಕು. ಗಾಜು ಏರಿ ಇಳಿಯುವ ಚಾನೆಲ್‌ಗೆ ಮಾತ್ರ ಗ್ರೀಸ್ ತಾಗಿಸಬಾರದು. ಅದರೊಳಗಿನ ನಯವಾದ ಜುಂಗಿಗೆ ಗ್ರೀಸ್ ಹಿಡಿದರೆ ಗಾಜಿನ ಮೇಲೆಲ್ಲ ಗೀರು. ಅಲ್ಲಿಗೆ ಒಣ ಸ್ಪ್ರೇ. ಕಾರು ಬಣ್ಣಕ್ಕೆ ಹೋಗುವುದಿದ್ದರೆ ಸಿಲಿಕೋನ್ ಹತ್ತಿರವೂ ತರಬೇಡಿ. ಕಣದಷ್ಟು ಉಳಿದರೂ ಹೊಸ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಳಿ ಬೀಳುತ್ತದೆ, ಪೇಂಟರ್‌ನ ಬೈಗುಳ ಯಜಮಾನನಿಗೆ.

ಈಗ ಆ ಉಳಿದರ್ಧ ಉತ್ತರಕ್ಕೆ ಬರೋಣ. ಕಾರಿನ ಬಾಗಿಲು ನೀರನ್ನು ಪೂರ್ತಿ ತಡೆಯಲು ಮಾಡಿದ್ದೇ ಅಲ್ಲ. ಕಿಟಕಿ ಗಾಜಿನ ಹೊರಗೆ ತಳದಲ್ಲಿರುವ ಪಟ್ಟಿ ಹೆಚ್ಚಿನ ನೀರನ್ನು ಒರೆಸಿ ಹೊರಗೆ ಬಿಡುತ್ತದೆ, ಆದರೂ ಒಂದಿಷ್ಟು ನೀರು ಗಾಜಿಗಂಟಿ ಬಾಗಿಲಿನ ಹೊಟ್ಟೆಗೆ ಇಳಿದೇ ಇಳಿಯುತ್ತದೆ. ಅದು ಬಾಗಿಲ ಅಡಿಯ ಸಣ್ಣ ತೂತುಗಳಿಂದ ಹೊರಬೀಳಬೇಕು. ಹಂಚಿನ ಮನೆಯಂತೆ ಇದು, ಮಳೆಯನ್ನು ಹಿಡಿಯುವುದಲ್ಲ, ಸೂರಿನಿಂದ ಅಂಗಳಕ್ಕೆ ದಾಟಿಸುವುದು ಅದರ ಕೆಲಸ. ಆ ತೂತು ಕೆಸರಿನಿಂದ ಮುಚ್ಚಿದರೆ, ಇಲ್ಲವೇ ಬಣ್ಣ ಹೊಡೆಯುವಾಗ ಯಾರೋ ಪುಟ್ಟಿ ತುಂಬಿದರೆ, ನೀರು ಒಳಗೇ ಕೂತು ಬಾಗಿಲನ್ನು ಅಡಿಯಿಂದ ತಿನ್ನುತ್ತದೆ. ಹೊರಗಿನ ಬಣ್ಣ ಗುಳ್ಳೆಯೇಳುವ ಹೊತ್ತಿಗೆ ಒಳಗಿನ ತಗಡು ಹಪ್ಪಳವಾಗಿರುತ್ತದೆ.

ಬಾಗಿಲ ಒಳಪ್ಯಾನೆಲ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಹೊಟ್ಟೆಯ ನೀರು ಒಳಕೋಣೆಗೆ ಚಿಮ್ಮದಂತೆ ತಡೆಯುವುದು ಅದೇ. ಗಾಜಿನ ಯಂತ್ರ ರಿಪೇರಿಗೆ ಬಿಚ್ಚಿದಾಗ ಎಷ್ಟೋ ಗ್ಯಾರೇಜುಗಳಲ್ಲಿ ಅದನ್ನು ಹರಿದು ಎಸೆದು ಪ್ಯಾನೆಲ್ ಮುಚ್ಚುತ್ತಾರೆ. ಆಮೇಲೆ ಒಡೆಯ ಹೊಸ ಬೀಡಿಂಗ್ ಹಾಕಿಸುತ್ತಾನೆ, ಮ್ಯಾಟ್ ಒದ್ದೆಯಾಗುವುದು ನಿಲ್ಲುವುದಿಲ್ಲ, ಬೀಡಿಂಗ್ ಡೂಪ್ಲಿಕೇಟ್ ಎಂದು ಅಂಗಡಿಯವನ ಮೇಲೆ ಜಗಳ. ದಪ್ಪ ಪಾಲಿಥಿನ್ ಹಾಳೆ ಕತ್ತರಿಸಿ, ಅದರ ಕೆಳತುದಿಯನ್ನು ಬಾಗಿಲ ಒಳಕ್ಕೆ ತಿರುಗಿಸಿ ಅಂಟಿಸಿದರೆ ಮುಗಿಯುವ ಕೆಲಸಕ್ಕೆ ಇಷ್ಟು ರಾಮಾಯಣ.

ಚಾವಣಿಯದೂ ಇದೇ ನ್ಯಾಯ. ಅಂಬಾಸಿಡರ್, ಫಿಯೆಟ್‌ಗಳ ಚಾವಣಿಯ ಅಂಚಿಗಿದ್ದ ತಗಡಿನ ಸಣ್ಣ ಕಾಲುವೆಯ ತಳದ ಸೀಲೆಂಟ್ ಬಿರಿದರೆ ನೀರು ಹನಿಯುವುದು ತಲೆಯ ಮೇಲೆ, ಬೈಸಿಕೊಳ್ಳುವುದು ಬಾಗಿಲ ಬೀಡಿಂಗ್. ಸನ್‌ರೂಫ್ ಇರುವ ಕಾರುಗಳಲ್ಲಿ ಗಾಜಿನ ಸುತ್ತಲಿನ ರಬ್ಬರ್ ಮೊದಲ ಕಾವಲು ಮಾತ್ರ. ಅದನ್ನು ದಾಟಿದ ನೀರಿಗೆ ಅಡಿಯಲ್ಲಿ ತಟ್ಟೆಯಿದೆ, ತಟ್ಟೆಯ ಮೂಲೆಗಳಿಂದ ಕಂಬಗಳೊಳಗೆ ಇಳಿಯುವ ಸಪೂರ ಕೊಳವೆಗಳಿವೆ. ಹೊಂಗೆ, ಗುಲ್‌ಮೊಹರ್ ಮರದಡಿ ನಿಲ್ಲಿಸುವವರ ಕಾರಿನಲ್ಲಿ ಹೂವಿನ ಎಸಳು, ಧೂಳು ಸೇರಿ ಈ ಕೊಳವೆಗಳ ಬಾಯಿ ಕಟ್ಟುತ್ತದೆ. ಸಪೂರ ನೈಲಾನ್ ದಾರ ನಿಧಾನಕ್ಕೆ ಇಳಿಸಿ ಬಿಡಿಸಬೇಕು. ಗಾಳಿಯ ಪೈಪ್ ಇಟ್ಟು ಊದಿದರೆ ಕೊಳವೆಯ ಕೀಲು ಒಳಗೇ ಕಳಚಿಕೊಳ್ಳಬಹುದು. ಆಮೇಲೆ ಚಾವಣಿಯ ಬಟ್ಟೆಯನ್ನೇ ಇಳಿಸಬೇಕು.

ಸೋರಿಕೆ ಹುಡುಕಲು ಹೋಸ್‌ಪೈಪ್ ಹಿಡಿದವರು ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಒಳಗೊಬ್ಬರು ಟಾರ್ಚ್ ಹಿಡಿದು ಕೂರಬೇಕು. ಮೇಲಿಂದ ಸುರಿದರೆ ಎಲ್ಲ ಕಡೆಯೂ ಒದ್ದೆ, ತೂತು ಯಾವುದೆಂದು ತಿಳಿಯದು. ಬಾಗಿಲ ಸಂದಿನಲ್ಲಿ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯುವುದು ಇನ್ನೊಂದು ಪರೀಕ್ಷೆ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದ ಕಡೆ ಒತ್ತಡವಿಲ್ಲ. ಅಲ್ಲಿ ರಬ್ಬರ್ ಚಪ್ಪಟೆಯಾಗಿರಬಹುದು. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಹಿಂಜ್ ಸವೆದು ಬಾಗಿಲೇ ಜೋತುಬಿದ್ದಿರುತ್ತದೆ. ಹಿಂಜ್ ಸರಿಮಾಡದೆ ದಪ್ಪ ಬೀಡಿಂಗ್ ತುರುಕುವ ಟಿಂಕರ್‌ನಿಂದ ದೂರವಿರುವುದು ಲೇಸು.

ಬದಲಿಸಲೇಬೇಕಾದರೆ ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ದಾರಿ. ಕಾರಿನ ಹೆಸರು ಹೇಳಿ ಕೇಳುವ ಬದಲು ಹಳೆಯ ಪಟ್ಟಿಯ ಎರಡಂಗುಲ ತುಂಡು ಕತ್ತರಿಸಿಕೊಂಡು ಹೋಗಿ. ಅಡ್ಡ ಕೊಯ್ದ ಮುಖದ ಆಕಾರ ಒಂದಿದ್ದರೆ ಸಾಕು, ಯಾವ ಗಾಡಿಯದ್ದಾದರೂ ಸರಿ. ಮಿರಿಮಿರಿ ಹೊಳೆಯುವ, ಬೆರಳಿನಲ್ಲಿ ಮಡಿಚಿದರೆ ಬಿಳಿ ಗೆರೆ ಉಳಿಸುವ ಪಿವಿಸಿ ಪಟ್ಟಿ ಅಗ್ಗ, ಎರಡು ಬೇಸಿಗೆಗೆ ಗಟ್ಟಿಯಾಗುತ್ತದೆ. ಹಾಕುವಾಗ ಹಳೆಯ ಅಂಟು ಪೂರ್ತಿ ಕೆರೆದು, ತುಕ್ಕು ಕಂಡ ಕಡೆ ಪ್ರೈಮರ್ ಹಚ್ಚಿ ಒಣಗಿಸಬೇಕು. ಮೂಲೆಯಲ್ಲಿ ಎಳೆಯದೆ, ಬದಲಿಗೆ ಕೊಂಚ ಒತ್ತಿ ಕೂರಿಸಬೇಕು. ಜೋಡಣೆ ಬಾಗಿಲ ಅಡಿಗೆ ಬರಲಿ.

ಮುಂಗಾಜಿನ ರಬ್ಬರ್ ಕೂರಿಸುವುದು ಮಾತ್ರ ನೋಡಿಯೇ ಕಲಿಯಬೇಕಾದ ಕೈಚಳಕ. ಈಗಿನ ಕಾರುಗಳಲ್ಲಿ ಗಾಜನ್ನು ಅಂಟಿಸಿಬಿಡುತ್ತಾರೆ. ಅಂಬಾಸಿಡರ್, ಫಿಯೆಟ್ ಕಾಲದ್ದು ಹಾಗಲ್ಲ. ರಬ್ಬರನ್ನು ಮೊದಲು ಗಾಜಿಗೆ ಸುತ್ತಿ, ಅದರ ಹೊರಗಿನ ಕುಳಿಯಲ್ಲಿ ಗಟ್ಟಿ ದಾರವೊಂದನ್ನು ಪೂರ್ತಿ ಸುತ್ತು ಹಾಯಿಸಿ, ಎರಡು ತುದಿಯನ್ನು ಕೆಳಗೆ ಜೋತುಬಿಡುತ್ತಾರೆ. ಸೋಪಿನ ನೀರು ಹಚ್ಚಿ ಗಾಜನ್ನು ಚೌಕಟ್ಟಿಗೆ ಒರಗಿಸುತ್ತಾರೆ. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ತಟ್ಟುತ್ತಾ ಬಂದಂತೆ, ಒಳಗೆ ಕೂತವರು ದಾರವನ್ನು ತಮ್ಮ ಕಡೆಗೆ ನಿಧಾನವಾಗಿ ಎಳೆಯುತ್ತಾರೆ. ದಾರ ಹೊರಬರುವಲ್ಲೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ಹತ್ತಿ ಆಚೆ ಇಳಿದು ಕೂರುತ್ತದೆ. ಹೊರಗಿನವರ ಕೈಯೂ ಒಳಗಿನವರ ಎಳೆತವೂ ಒಂದೇ ಜಾಗದಲ್ಲಿರಬೇಕು. ಅವಸರಪಟ್ಟು ಮೂಲೆಯಲ್ಲಿ ಜಗ್ಗಿದರೆ ರಬ್ಬರ್ ಸೀಳುತ್ತದೆ, ಕೆಲವೊಮ್ಮೆ ಗಾಜೂ ಹೋಗುತ್ತದೆ.

ಹೊಸ ಬಾಗಿಲ ಬೀಡಿಂಗ್ ಹಾಕಿದ ಮೊದಲ ದಿನಗಳಲ್ಲಿ ಬಾಗಿಲು ಬಿಗಿ, ಜೋರಾಗಿ ಬಡಿಯದೆ ಮುಚ್ಚದು. ಬಾಗಿಲ ಚಿಲಕ ಕಚ್ಚಿಕೊಳ್ಳುವ ಸ್ಟ್ರೈಕರ್ ಸಡಿಲಿಸಿ ಕೊಡಿ ಎಂದು ಓಡಬೇಡಿ. ಬಿಸಿಲಿನಲ್ಲಿ ನಾಲ್ಕು ಬಾಗಿಲನ್ನೂ ಮುಚ್ಚಿ ಕೆಲವು ದಿನ ನಿಲ್ಲಿಸಿದರೆ ರಬ್ಬರ್ ತನ್ನ ಜಾಗ ಕಂಡುಕೊಳ್ಳುತ್ತದೆ. ಸ್ಟ್ರೈಕರ್ ಮುಟ್ಟುವುದಿದ್ದರೆ ಆಮೇಲೆ ನೋಡೋಣ.